ಗುಜರಿಗೆ ಹೋದ ಐದನೇ ನಂಬರ್

ಎರಡು ಸಾವಿರದ ಇಪ್ಪತ್ತೈದರ ದಸರೆಯ ಹೊತ್ತಿಗೆ ನಾನು ಬನಹಟ್ಟಿಯ ನಮ್ಮ ಗೇಮ್ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದೆ. ಈಗಲೂ ಅಲ್ಲೇ ಕೂರುತ್ತೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಹರೆಯವೆಲ್ಲ ಕಂಡಿಕೆ ಸುತ್ತುವುದರಲ್ಲಿ ಹೋಯಿತು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಸೀರೆ ವ್ಯಾಪಾರ ಇಳಿದಾಗ ಮನೆಯ ನಾಲ್ಕು ಪವರ್‌ಲೂಮ್‌ಗಳಲ್ಲಿ ಎರಡನ್ನು ಗುಜರಿಗೆ ಹಾಕಿದೆವು. ಖಾಲಿಯಾದ ಜಾಗದಲ್ಲಿ ಸೊಸೆ ಸಾವಿತ್ರಿ ಎಂಟು ಕಂಪ್ಯೂಟರ್ ಇಡಿಸಿದಳು. ಆರು ಹೊಸವು, ಎರಡು ಸೆಕೆಂಡ್ ಹ್ಯಾಂಡ್. ಹುಡುಗರು ತಾಸಿನ ಲೆಕ್ಕದಲ್ಲಿ ಬಂದು ಆಡುತ್ತಾರೆ. ಜೊತೆಗೆ ಮೌಸ್, ಕೀಬೋರ್ಡ್, ಹೆಡ್‌ಸೆಟ್ ಮಾರುತ್ತೇವೆ.

ಆಟ ಛಲೋದು ಎಂದು ನಾನು ಹೇಳುವುದಿಲ್ಲ. ಗುಂಡು ಹಾರಿಸುವುದು, ಬೈಯುವುದು, ಮತ್ತೆ ಗುಂಡು ಹಾರಿಸುವುದು. ಆದರೆ ಮಗ್ಗ ನಿಂತ ಮೇಲೆ ನಮ್ಮ ಮನೆಯ ಒಲೆ ಉರಿದದ್ದು ಅದರಿಂದಲೇ.

ನಮ್ಮ ಮನೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಹೊಸ ಮಗ್ಗ ಕೂಡಿಸಿದ ದಿನ, ಮೊದಲ ಹಾಸಿನಿಂದ, ಅಂದರೆ ಉದ್ದಕ್ಕೆ ಹೂಡಿದ ನೂಲಿನಿಂದ, ಒಂದು ಎಳೆ ತೆಗೆದು ಅದರ ಚೌಕಟ್ಟಿಗೆ ಕಟ್ಟುತ್ತೇವೆ. ಕಂಪ್ಯೂಟರ್ ಬಂದಾಗಲೂ ಕಟ್ಟಿದೆ. ಹೊರಗೆ ಕಟ್ಟಿದರೆ ಹುಡುಗರು ಕೂತಲ್ಲೇ ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಅದಕ್ಕೇ ಸಾವಿತ್ರಿಯಿಂದ ಪಕ್ಕದ ಮುಚ್ಚಳ ತೆಗೆಸಿ, ಫ್ಯಾನಿಗೆ ಸಿಗದ ಮೂಲೆಯಲ್ಲಿ, ಒಳಗಿನ ಪಟ್ಟಿಗೆ ಗಿಳಿಹಸಿರು ಎಳೆಯ ಗಂಟು ಹಾಕಿದೆ. ತುಂಡಾದ ನೂಲನ್ನು ಕೂಡಿಸಲು ನೇಕಾರರು ಹಾಕುವ ಸಣ್ಣ ಗಂಟು ಅದು. ಬೇರೆಯವರ ಕೈಗೆ ಬರುವುದಿಲ್ಲ.

ಆ ವರ್ಷ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬದಲಾಯಿತು. ಯಂತ್ರ ಬೇರೆ, ಅದನ್ನು ನಡೆಸುವ ಸಿಸ್ಟಂ ಬೇರೆ ಎಂದು ಸಾವಿತ್ರಿ ನನಗೆ ತಿಳಿಸಿ ಹೇಳಿದಳು. ಸಿಸ್ಟಂನ ಹತ್ತನೆಯ ಆವೃತ್ತಿಗೆ ಇನ್ನು ಅಪ್‌ಡೇಟ್ ಇಲ್ಲ, ಹನ್ನೊಂದನೆಯದಕ್ಕೆ ಬರಬೇಕು. ಹನ್ನೊಂದನೆಯದು ನಡೆಯಬೇಕಾದರೆ ಯಂತ್ರದೊಳಗೆ ಟಿಪಿಎಂ ಎಂಬ ಭದ್ರತಾ ಚಿಪ್ ಇರಬೇಕು. ನಮ್ಮಲ್ಲಿ ಹೆಚ್ಚು ಓಡುತ್ತಿದ್ದ ಗುಂಡಿನ ಆಟವೂ ಅದನ್ನೇ ಕೇಳತೊಡಗಿತು, ಇಲ್ಲದಿದ್ದರೆ ತೆರೆಯಲೇ ಇಲ್ಲ. ಮೋಸದಿಂದ ಆಡುವವರನ್ನು ಹಿಡಿಯಲು ಆ ಏರ್ಪಾಡಂತೆ. ಒಂದೇ ವಾರದಲ್ಲಿ ನಮ್ಮ ಹುಡುಗರು ಮುಧೋಳದ ಇನ್ನೊಂದು ಅಂಗಡಿಗೆ ಬೈಕು ಹತ್ತಿ ಹೋಗತೊಡಗಿದರು. ದೀಪಾವಳಿಯ ರಜೆಯೇ ನಮಗೆ ಸುಗ್ಗಿ. ಅಷ್ಟರೊಳಗೆ ಆ ಆಟ ನಡೆಯದಿದ್ದರೆ ಅಂಗಡಿಗೆ ಕೀಲಿ ಹಾಕುವುದೇ.

ಜಮಖಂಡಿಯಿಂದ ಒಬ್ಬ ಡೀಲರ್ ಬಂದ. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅದೂ ಅವನಿಗೆ ಪ್ರಚಾರವೇ. ಪೆನ್ ಡ್ರೈವ್ ಚುಚ್ಚಿ ಒಂದೊಂದೇ ಕಂಪ್ಯೂಟರ್ ತೋರಿಸಿದ. ಎಂಟರಲ್ಲೂ ಚಿಪ್ ಇಲ್ಲವೆಂಬ ಕೆಂಪು ಗುರುತು ಬಂತು.

“ಎಂಟಕ್ಕ ಎಂಟೂ ಗುಜರಿ ಅದಾವ್ರಿ, ಆಯಿ. ಒಯ್ದು ಒಗೀಬೇಕು,” ಎಂದು ನನ್ನತ್ತ ತಿರುಗಿ ಹೇಳಿದ. ಎಂಟನ್ನೂ ತಾನೇ ತೆಗೆದುಕೊಂಡು ಹೋಗಿ, ಎಂಟು ಹೊಸವನ್ನು ಕಂತಿನ ಮೇಲೆ ತಂದಿಡುವುದಾಗಿ ಹೇಳಿದ. ಸಾವಿತ್ರಿ ಹೂಂ ಎನ್ನುವುದರಲ್ಲಿದ್ದಳು. ನಾನು ತಡೆದೆ. ಮಗ್ಗದಲ್ಲಿ ಹಾಸು ಮುಗಿಯುತ್ತ ಬಂದರೆ ಅದನ್ನು ಕಡಿದು ಒಗೆಯುವುದಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆ ಕೂಡಿಸಿ ಒಳಗೆ ಎಳೆದುಕೊಳ್ಳುತ್ತೇವೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯದನ್ನು ಮೊದಲೇ ಕಿತ್ತವನ ಮಗ್ಗ ವಾರಗಟ್ಟಲೆ ನಿಲ್ಲುತ್ತದೆ. ಆದ್ದರಿಂದ ಮೊದಲು ಎರಡನ್ನು ಒಯ್ಯಿ, ಎರಡನ್ನು ತಾ, ಉಳಿದದ್ದು ಆಮೇಲೆ ನೋಡೋಣ ಎಂದೆ.

ಅವನು ಮೂರನೇ ನಂಬರನ್ನೂ ಐದನೇ ನಂಬರನ್ನೂ ಆರಿಸಿದ. ಎಂಟರಲ್ಲಿ ಅವೇ ಛಲೋವು. ಮೂಲೆಯಲ್ಲಿ ಸೆಕೆಂಡ್ ಹ್ಯಾಂಡ್ ಎರಡು ಗುರುಗುಡುತ್ತಿದ್ದರೂ ಅತ್ತ ಕಣ್ಣು ಹಾಯಿಸಲಿಲ್ಲ. ನಾವು ಅತ್ತೆ ಸೊಸೆ ಇಬ್ಬರಿಗೂ ಅನುಮಾನ ಬರಲಿಲ್ಲ. ಮಗ್ಗ ಮಾರಿದ ಮನೆಯವರಿಗೆ ಅದು ಬರುವುದೂ ಇಲ್ಲ. ನಮ್ಮ ಊರಿನ ಗುಜರಿಯವನು ಕಬ್ಬಿಣವನ್ನು ತೂಕದಿಂದ ಕೊಳ್ಳುತ್ತಾನೆ, ಭಾರ ಇದ್ದುದನ್ನೇ ಮೊದಲು ಎತ್ತುತ್ತಾನೆ. ಮೂರು, ಐದರ ಡಬ್ಬಿಗಳು ದೊಡ್ಡವು, ಭಾರದವು. ತೂಕ ನೋಡಿ ಎತ್ತಿದ ಎಂದುಕೊಂಡೆವು.

ಹೊಸ ಎರಡು ಬಂದವು, ಮೈತುಂಬ ಕೆಂಪು ನೀಲಿ ದೀಪ. ಆ ಎರಡರ ಮುಂದೆ ಸಾಲು, ಉಳಿದ ಆರರ ಮುಂದೆ ನೊಣ. ಕಾಯಲು ಒಲ್ಲದ ಹುಡುಗರು ಮತ್ತೆ ಮುಧೋಳದ ದಾರಿ ಹಿಡಿದರು. ಕೊನೆಗೆ ಸಾವಿತ್ರಿಯ ಮಾತಿಗೆ ನಾನೂ ಒಪ್ಪಿದೆ. ಉಳಿದ ಆರನ್ನೂ ಸೋಮವಾರ ಬಂದು ಒಯ್ಯುವಂತೆ ಡೀಲರನಿಗೆ ಫೋನ್ ಮಾಡಿ ಹೇಳಿದೆವು.

ಹಿಂದಿನ ದಿನ, ರವಿವಾರ ಮುಂಜಾನೆ, ಬೀಳಗಿ ಕಡೆಯ ಹಣಮಂತ ಎಂಬವನು ಮಗಳನ್ನು ಕರೆದುಕೊಂಡು ಬಂದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬನಹಟ್ಟಿ ಅವನ ಹೆಂಡತಿಯ ತವರು. ಮಗಳು ಪೂಜಾ ಒಂಬತ್ತನೇ ಇಯತ್ತೆ. ಅವಳಿಗೆ ಕೊಡಿಸಿದ ಹೊಸ ಕಂಪ್ಯೂಟರ್ ನಾಲ್ಕು ದಿನದಲ್ಲೇ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಕೊಟ್ಟವನು ಫೋನ್ ಎತ್ತುತ್ತಿರಲಿಲ್ಲ. ಸಾವಿತ್ರಿ ಯಂತ್ರ ಬಿಚ್ಚಿ ನೋಡುತ್ತಾಳೆಂದು ಯಾರೋ ಹೇಳಿದ್ದರು. ಡಬ್ಬಿ ಹೊರಗಿನಿಂದ ಹೊಸದು, ಮುಂಭಾಗದಲ್ಲಿ ಕೆಂಪು ನೀಲಿ ದೀಪ. ಸಾವಿತ್ರಿ ಪಕ್ಕದ ಮುಚ್ಚಳ ತೆಗೆದಳು.

“ಅತ್ತಿ, ಸ್ವಲ್ಪ ಇಲ್ಲಿ ಬರ್ರಿ.”

ಹೋಗಿ ಬಗ್ಗಿದೆ. ಮೂಲೆಯ ಪಟ್ಟಿಯಲ್ಲಿ ಗಿಳಿಹಸಿರು ಎಳೆ, ನನ್ನ ಗಂಟು. ಮಾರಿದವನು ಮುಂದಿನ ತಗಡು ಬದಲಿಸಿದ್ದ, ಬಣ್ಣ ಹೊಡೆದಿದ್ದ, ದೀಪ ಕೂಡಿಸಿದ್ದ. ಒಳಗೆ ಒರೆಸುವಷ್ಟು ಕೆಲಸವನ್ನೂ ಮಾಡಿರಲಿಲ್ಲ. ನಮ್ಮ ಶೆಡ್ಡಿನ ಅರಳೆಯ ಧೂಳು ಫ್ಯಾನಿಗೆ ಮೆತ್ತಿಕೊಂಡೇ ಇತ್ತು, ಪಟ್ಟಿಯ ಮೇಲೆ ಸಾವಿತ್ರಿ ಬರೆದಿದ್ದ ಐದರ ಅಂಕಿಯೂ ಅಳಿಸಿರಲಿಲ್ಲ.

ಸಾವಿತ್ರಿ ಅದನ್ನು ಚಾಲೂ ಮಾಡಿದಳು. ಸಿಸ್ಟಂ ಹನ್ನೊಂದನೆಯದು. ನಮ್ಮಲ್ಲಿ ತೆರೆಯದ ಆ ಆಟ ಇದರಲ್ಲಿ ಸರಾಗ ತೆರೆಯಿತು.

“ಇದನ್ನ ಎಲ್ಲಿ ತಗೊಂಡಿ?” ಎಂದು ಕೇಳಿದೆ.

“ಜಮಖಂಡ್ಯಾಗ್ರಿ. ಹೊಸಾದು. ಡಬ್ಬಿಯ ಸೀಲ್ ಹರದಾಂವ ನಾನ.”

“ಹೊಸಾದಲ್ಲಪಾ ಇದು. ಆರು ವರ್ಷ ಇಲ್ಲೇ, ಆ ಕಿಡಕಿ ಕೆಳಗ ದುಡದೈತಿ. ಐದನೇ ನಂಬರ್.”

ಅವನು ನಂಬಲಿಲ್ಲ. ನಾಲ್ಕನೆಯದರ ಮುಚ್ಚಳ ತೆಗೆಸಿ ಅದೇ ಎಳೆ, ಅದೇ ಗಂಟು ತೋರಿಸಿದೆ. ಅವನ ಮುಖ ಕಪ್ಪಿಟ್ಟಿತು. ಅದು ಮನೆಗೆ ಬಂದ ದಿನ ಓಣಿಯವರನ್ನೆಲ್ಲ ಕರೆದು ಕಾಯಿ ಒಡೆಸಿದ್ದನಂತೆ. ಆ ದಾರ ಕಡಿದು ಬಿಡ್ರಿ, ಯಾರಿಗೂ ಕಾಣಬಾರದು ಎಂದ. ಹುಡುಗಿ ಕುರ್ಚಿಯಿಂದಲೇ ಹೇಳಿದಳು:

“ಇರಲಿ ಬಿಡ ಅಪ್ಪಾ. ಆಟಾ ನಡಿತೈತಲ್ಲ.”

ಅವಳನ್ನು ಸಾವಿತ್ರಿಯ ಬಳಿ ಬಿಟ್ಟು ನಾನೂ ಹಣಮಂತನೂ ಮುಂದಿನ ಬಸ್ಸಿಗೆ ಜಮಖಂಡಿಗೆ ಹೋದೆವು. ಡೀಲರನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಚಿಪ್ ಇಲ್ಲ ಎಂದವನು ಈಗ ಎಲ್ಲಿಂದ ತಂದೆ ಎಂದು ಕೇಳಿದೆ. ಅವನಿಗೆ ನಾಚಿಕೆ ಇರಲಿಲ್ಲ. ಚಿಪ್ ಮೊದಲಿನಿಂದಲೂ ಇತ್ತು, ಬಯೋಸ್ ಎಂಬ ಒಳಗಿನ ಸೆಟ್ಟಿಂಗಿನಲ್ಲಿ ಆಫ್ ಇತ್ತು, ಅಷ್ಟೇ ಎಂದ.

“ಆನ್ ಮಾಡೋದೂ ಒಂದು ಕೆಲಸಾನ ಅಲ್ಲೇನ್ರಿ ಆಯಿ? ಇಲ್ಲಂತ ನಾ ಎಲ್ಲಿ ಹೇಳೀನಿ, ಸ್ಕ್ರೀನ್ ಹೇಳ್ತು.”

ನಾನು ಅವನ ಗಿರಾಕಿಗಳಿಗೆ ಇಟ್ಟಿದ್ದ ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತೆ. “ಹಂಗಾರ ಈಗ ನಡಿ. ನನ್ನ ಆರನ್ನೂ ಆನ್ ಮಾಡಿ ಕೊಡು. ಇಲ್ಲಂದ್ರ ಸಂಜೀತನಾ ಇಲ್ಲೇ ಕೂತು ಬಂದವರಿಗೆಲ್ಲ ಈ ಕತಿ ಹೇಳತೇನಿ. ನನಗ ಬ್ಯಾರೆ ಕೆಲಸಿಲ್ಲ.”

ಡೀಲರ್ ಎದ್ದು ಕಾರಿನ ಕೀಲಿ ಹುಡುಕಿದ. ಹೊರಡುವ ಮುನ್ನ ಹಣಮಂತನ ಕೈಗೆ ಒಂದು ಹೆಡ್‌ಸೆಟ್ ಇಟ್ಟ. ಬಸ್ಸಿನಲ್ಲಿ ಅವನ ಕಾಲು ಮುರಿಯುತ್ತೇನೆ ಎನ್ನುತ್ತ ಬಂದಿದ್ದ ಹಣಮಂತ, ಅದನ್ನು ಕೊರಳಿಗೆ ಹಾಕಿಕೊಂಡು, ಬಿಡ್ರಿ ಆಯಿ, ವ್ಯಾಪಾರಸ್ಥರು ಹಿಂಗ ಇರ್ತಾರ ಎಂದ. ಕಳ್ಳನನ್ನು ನೋಡಿದಾಗ ಬಂದದ್ದಕ್ಕಿಂತ ಹೆಚ್ಚು ಹೇಸಿಕೆ ನನಗೆ ಆಗ ಬಂತು.

ಡೀಲರ್ ಬನಹಟ್ಟಿಗೆ ಬಂದು ಆರರಲ್ಲಿ ನಾಲ್ಕನ್ನು ಸರಿ ಮಾಡಿದ. ಒಂದೊಂದಕ್ಕೆ ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತು. ಸೆಕೆಂಡ್ ಹ್ಯಾಂಡ್ ಎರಡು ಮಾತ್ರ ನಿಜಕ್ಕೂ ಹಳೆಯವು, ಅವು ಹನ್ನೊಂದಕ್ಕೆ ಏರಲಿಲ್ಲ. ಎಂಟರಲ್ಲಿ ಎರಡು ಖರೆ ಹೇಳಿ, ಅದರ ಬೆನ್ನಿಗೆ ಆರು ಸುಳ್ಳು ಕಟ್ಟಿದ್ದ. ಪೂರಾ ಸುಳ್ಳಾಗಿದ್ದರೆ ಸಾವಿತ್ರಿ ಅಂದೇ ಹಿಡಿಯುತ್ತಿದ್ದಳು. ಕೆಲಸ ಮುಗಿಸಿ ಚಹಾ ಕೇಳಿದ. ಕೊಡಲಿಲ್ಲ.

ದೀಪಾವಳಿಯ ರಜೆಗೆ ಅಂಗಡಿ ತುಂಬಿತು. ಮುಧೋಳಕ್ಕೆ ಹೋಗಿದ್ದವರೂ ಹೋಗಲೇ ಇಲ್ಲವೆಂಬ ಮುಖ ಮಾಡಿಕೊಂಡು ಬಂದರು. ಅವರಲ್ಲಿ ಪಾಲಿಟೆಕ್ನಿಕ್ ಓದುವ ಒಬ್ಬ ಶಾಣ್ಯಾ, ಆ ಚಿಪ್ ಆಫ್ ಇರುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ನೀವು ಹೊಸಾವು ತರ್ತಿದ್ದಿಲ್ಲಲ್ರಿ ಆಯಿ.”

ನಮ್ಮ ಮನೆಯಲ್ಲಿ ಚಹಾ ಕುಡಿದವನು, ನಮ್ಮ ಫ್ಯಾನಿನ ಕೆಳಗೆ ಕೂತವನು. ಎಬ್ಬಿಸಿ ಹೊರಗೆ ಹಾಕಿದೆ. ಮರುದಿನ ಮತ್ತೆ ಬಂದ. ತಾಸಿನ ಹಣ ಮೊದಲೇ ಇಸಿದುಕೊಂಡು ಕೂರಿಸಿದೆ. ವ್ಯಾಪಾರ ಅಂದರೆ ನನಗೂ ಇಷ್ಟೇ ಗೊತ್ತು.

ಏರಲಾರದ ಎರಡರಲ್ಲಿ ಈಗ ಸಣ್ಣ ಮಕ್ಕಳು ಹಳೆಯ ಕಾರಿನ ಆಟ ಆಡುತ್ತಾರೆ. ಅವಕ್ಕೆ ಯಾವ ಚಿಪ್ ಕೂಡ ಬೇಕಿಲ್ಲ. ಹೋದ ತಿಂಗಳು ಇನ್ನೊಬ್ಬ ಬಂದು, ಇವು ಗುಜರಿ, ಜಾಗ ತಿನ್ನುತ್ತವೆ, ನಾನು ಒಯ್ಯುತ್ತೇನೆ ಎಂದ. ಒಯ್ಯಿ, ಆದರೆ ಎಲ್ಲಿಗೆ ಒಯ್ಯುತ್ತೀ ಎಂದು ಕೇಳಿದೆ. ಅವನಿಗೆ ಫೋನ್ ಬಂದ ಹಾಗಾಯಿತು. ಕಿವಿಗೆ ಹಿಡಿದು ಹೊರಗೆ ಹೋದವನು ತಿರುಗಿ ಬರಲಿಲ್ಲ.

ಈ ಅಂಗಡಿ ನನಗೆ ಕಲಿಸಿದ್ದು ಆ ಒಂದು ಪ್ರಶ್ನೆಯನ್ನು. ಸಿಸ್ಟಂ ಹನ್ನೊಂದಾಗಲಿ, ನಾಳೆ ಹನ್ನೆರಡಾಗಲಿ, ಕೆಲಸಕ್ಕೆ ಬಾರದ್ದನ್ನು ಯಾರೂ ಮೈಮುರಿದು ಹೊತ್ತು ಒಯ್ಯುವುದಿಲ್ಲ.