ಟೊಪ್ಪಿಗೆ ತೆಗೆದ ಸಿಪಾಯಿ

ದೆವ್ವ ಭೂತಗಳನ್ನು ನಾನು ಎಂದೂ ನಂಬಿದವಳಲ್ಲ. ನವಲಗುಂದದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹುಣಸೆಮರದ ಕೆಳಗೆ ಏನೋ ಕಂಡಿತೆಂದು ಯಾರಾದರೂ ಹೇಳಿದರೆ, ಬೆಳಕು ಎಷ್ಟಿತ್ತು, ನೀವು ಎಷ್ಟು ದೂರ ನಿಂತಿದ್ದಿರಿ ಎಂದು ಕೇಳಿ ಅವರ ಉತ್ಸಾಹವನ್ನೇ ಇಳಿಸಿಬಿಡುತ್ತಿದ್ದೆ. ಆದರೆ ದೆವ್ವದ ಸಿನಿಮಾ ಎಂದರೆ ನನಗೆ ಪ್ರಾಣ. ಅದರಲ್ಲೂ ಕಡಿಮೆ ಖರ್ಚಿನಲ್ಲಿ ತೆಗೆದವು. ಬಾಗಿಲು ಹಾಕಿದರೆ ಕೋಟೆಯ ಗೋಡೆಯೇ ಅಲುಗಾಡಬೇಕು, ರಕ್ತ ಕುಂಕುಮದ ನೀರಿನಂತೆ ಹರಿಯಬೇಕು, ಸತ್ತವನು ಸದ್ದಿಲ್ಲದೆ ಉಸಿರಾಡುವುದು ಕಾಣಬೇಕು. ಎಲ್ಲವೂ ಸುಳ್ಳೆಂದು ಕಣ್ಣೆದುರೇ ತೋರುವುದರಿಂದ ಅಲ್ಲಿ ನಿಶ್ಚಿಂತೆಯಿಂದ ಹೆದರಬಹುದಿತ್ತು. ಇಂಥದೊಂದು ಸಿನಿಮಾದ ಉಪಕಾರ ನನ್ನ ಮೇಲಿದೆ ಎಂದರೆ ನೀವು ನಗಬಹುದು. ನಕ್ಕರೂ ಪೂರ್ತಿ ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹತ್ತಿ ಬಿಡಿಸಿ ಖಾಲಿಯಾದ ಹೊಲವೊಂದರಲ್ಲಿ ಟೂರಿಂಗ್ ಟಾಕೀಸಿನವರು ಟೆಂಟು ಹಾಕಿದ್ದರು. ಎಲ್ಲಿಂದಲೋ ಅಗ್ಗಕ್ಕೆ ಸಿಕ್ಕ ಹಳೆಯ ಇಂಗ್ಲಿಷ್ ರೀಲುಗಳನ್ನೂ ಅವರು ತೋರಿಸುತ್ತಿದ್ದರು. ಭಾಷೆ ಯಾರಿಗೂ ತಿಳಿಯದ್ದರಿಂದ ಮ್ಯಾನೇಜರನೇ ಮೈಕು ಹಿಡಿದು ಕತೆ ಹೇಳುತ್ತಿದ್ದ. ಆ ವಾರದ ಚಿತ್ರದಲ್ಲಿ ಹಿಟ್ಲರನ ಸೈನಿಕರು ಸತ್ತು ಎಷ್ಟೋ ವರ್ಷಗಳ ಮೇಲೆ ಗಣಿಯೊಂದರಿಂದ ಎದ್ದು ಬರುತ್ತಾರೆಂದು ಟಾಂಗಾದಲ್ಲಿ ಕೂಗಿಕೊಂಡು ಹೋದರು.

ಅಂದು ಅಪ್ಪ ನಮ್ಮೂರು ಮೊರಬದಿಂದ ನನ್ನಲ್ಲಿಗೆ ಬಂದಿದ್ದರು. ಅಣ್ಣನ ಹೊಲದ ಹೊಸ ಜೋಳ ತಂದಿದ್ದರು. ಹರೆಯದಲ್ಲಿ ಸೈನ್ಯ ಸೇರಿ, ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸಿಕ್ಕು, ಸೆರೆಯಲ್ಲಿದ್ದು ಬದುಕಿ ಬಂದವರು ಅವರು. ಅಲ್ಲಿ ಹೇಗಿತ್ತು ಎಂದು ಯಾರು ಕೇಳಿದರೂ "ಥಂಡಿ ಭಾಳ ಇತ್ತು" ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರು. ಅವ್ವನಿಗೂ ಅದಕ್ಕಿಂತ ಹೆಚ್ಚು ಹೇಳಿರಲಿಲ್ಲವಂತೆ. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ಅವರು ಟಾಂಗಾದ ಕೂಗು ಕೇಳಿ "ಹೋಗೂಣು ನಡಿ" ಎಂದಾಗ ನನಗೆ ಆಶ್ಚರ್ಯವಾಯಿತು.

ಕತ್ತಲಾಗುತ್ತಿದ್ದಂತೆ ಮೊದಲ ಆಟ ಶುರುವಾಯಿತು. ನಾವು ಹಿಂದೆ ಕುರ್ಚಿಗಳಲ್ಲಿ ಕುಳಿತಿದ್ದೆವು. ಚಿತ್ರ ನಾನು ಬಯಸಿದಷ್ಟೇ ಕೆಟ್ಟದಾಗಿತ್ತು. ಸೈನಿಕರ ಮುಖಕ್ಕೆ ಜೋಳದ ಹಿಟ್ಟು ಬಳಿದಂತಿತ್ತು. ಇದ್ದ ಏಳೆಂಟು ಮಂದಿಯೇ ಸುತ್ತು ಹಾಕಿ ಬಂದು ದೊಡ್ಡ ದಂಡಾಗಿ ಕಾಣಿಸುತ್ತಿದ್ದರು. "ಇವರು ಸತ್ತಾರ್ರಿ, ಆದ್ರ ಡ್ಯೂಟಿ ಬಿಟ್ಟಿಲ್ಲ" ಎಂದು ಮ್ಯಾನೇಜರ ಮೈಕಿನಲ್ಲಿ ಹೇಳಿದಾಗ ಟೆಂಟಿನ ತುಂಬ ನಗೆ. ನಗುತ್ತಲೇ ನಮ್ಮ ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು.

ಆಮೇಲೆ ನಡೆದದ್ದನ್ನು ಕಂಡಷ್ಟೇ ಹೇಳುತ್ತೇನೆ. ಸತ್ತ ಸೈನಿಕರು ಸಾಲಾಗಿ ಗಣಿಯ ಬಾಯಿಂದ ಹೊರಬರುತ್ತಿದ್ದರು. ಕೊನೆಯವನು ನಿಂತ. ಉಳಿದವರು ಮುಂದೆ ಹೋದರು. ಅವನು ನಮ್ಮ ಕಡೆ ತಿರುಗಿ ಟೊಪ್ಪಿಗೆ ತೆಗೆದ. ವಯಸ್ಸಾದವನು, ಬೋಳುತಲೆ. ಮುಖದ ಮೇಲೆ ಹಿಟ್ಟಿರಲಿಲ್ಲ. ಕೋಟಿನ ಕಿಸೆಯಿಂದ ಏನನ್ನೋ ತೆಗೆದು ಎರಡು ತುಂಡು ಮಾಡಿ, ಒಂದನ್ನು ಮುಂದೆ ಚಾಚಿದ. ಮ್ಯಾನೇಜರನ ಮೈಕು ಸುಮ್ಮನಾಗಿತ್ತು.

ಅಪ್ಪ ಎದ್ದು ನಿಂತರು. ಸೈನ್ಯದಲ್ಲಿ ನಿಲ್ಲುವ ಹಾಗೆ ನೆಟ್ಟಗೆ. ಗಟ್ಟಿಯಾಗಿ "ಡಾಂಕೆ" ಎಂದರು. ಇಂಗ್ಲಿಷಿನಲ್ಲಿ ಡಾಂಕಿ, ಅಂದರೆ ಕತ್ತೆ ಎಂದು ದೆವ್ವವನ್ನು ಬೈದರೆಂದುಕೊಂಡು ಸುತ್ತಲಿನವರು ಹೋ ಎಂದು ನಕ್ಕರು. ನಾನು ಅವರ ಅಂಗಿ ಹಿಡಿದು ಕೂಡಿಸಿದೆ. ಮತ್ತೆ ಪರದೆ ನೋಡಿದಾಗ ದಂಡು ಒಂದು ಹಳ್ಳಿಗೆ ನುಗ್ಗುತ್ತಿತ್ತು. ಅಪ್ಪ ಪಂಜೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನನ್ನ ಬಾಡಿಗೆ ಕೋಣೆಗೆ ಬಂದು ಕುಳಿತಾಗ ಅವರು ಕೇಳಿದ್ದು ಒಂದೇ. "ನೀನೂ ನೋಡಿದೇನು?"

ನೋಡಿದೆ ಎಂದೆ. ಕಿಸೆಯಿಂದ ಏನೋ ತೆಗೆದು ಮುರಿದನಲ್ಲ, ಅದೇನದು ಎಂದು ಕೇಳಿದೆ.

"ರೊಟ್ಟಿ" ಎಂದರು ಅಪ್ಪ. "ಅವರ ಕಡಿ ದಪ್ಪ ರೊಟ್ಟಿ ಇರತೈತಿ, ಕರ್ರಗ."

ನಂತರ ನಿಧಾನವಾಗಿ ಹೇಳಿದರು. ಸೆರೆಯಲ್ಲಿದ್ದಾಗ ಒಂದು ಚಳಿಗಾಲ ಜ್ವರ ಬಂದು ಏಳಲಾಗದೆ ಬಿದ್ದಿದ್ದರಂತೆ. ಕೆಲಸಕ್ಕೆ ಹೋಗದವನ ಪಾಲಿನ ಊಟವೂ ನಿಂತಿತ್ತು. ಕಾವಲಿಗಿದ್ದ ಒಬ್ಬ ಮುದುಕ ಅತ್ತಿತ್ತ ನೋಡಿ, ತನ್ನ ರೊಟ್ಟಿ ಮುರಿದು ಅರ್ಧ ಕೈಯಲ್ಲಿಟ್ಟು ಹೋದ. ಮುಂದೆಯೂ ಕೆಲವು ದಿನ ಹಾಗೆಯೇ ಕೊಟ್ಟ. ಅವನಿಗೆ ಏನೆನ್ನಬೇಕೆಂದು ಅಪ್ಪನಿಗೆ ತಿಳಿಯದು. ಜೊತೆಗಿದ್ದ ಸೆರೆಯಾಳನ್ನು ಕೇಳಿ, ಅವರ ಭಾಷೆಯಲ್ಲಿ ಧನ್ಯವಾದ ಹೇಳುವ ಆ ಒಂದು ಶಬ್ದ, ಡಾಂಕೆ, ಕಲಿತು ಬಾಯಿಪಾಠ ಮಾಡಿಕೊಂಡರು. ಮರುದಿನ ಆ ಜಾಗಕ್ಕೆ ಬೇರೊಬ್ಬ ಕಾವಲುಗಾರ ಬಂದಿದ್ದ. ಮುದುಕನನ್ನು ಎಲ್ಲಿಗೆ ಕಳಿಸಿದರು, ಏನು ಮಾಡಿದರು, ಗೊತ್ತಾಗಲೇ ಇಲ್ಲ.

"ಆ ಶಬ್ದ ಹಂಗ ಬಾಯಾಗ ಉಳೀತವಾ" ಎಂದರು ಅಪ್ಪ. "ಇವತ್ತು ಹೇಳಿದೆ."

ಮರುದಿನ ನಾನು ಮ್ಯಾನೇಜರನನ್ನು ಹುಡುಕಿಕೊಂಡು ಹೋದೆ. ಟೊಪ್ಪಿಗೆ ತೆಗೆಯುವ ಸಿಪಾಯಿಯ ಬಗ್ಗೆ ಕೇಳಿದಾಗ ಅವನು ನಕ್ಕ. "ಟೊಪಗಿ ಯಾರೂ ತಗಿಯಂಗಿಲ್ರಿ ಅಕ್ಕಾರ. ಮೇಕಪ್ಪು ಹಣಿ ತನಕ ಅಷ್ಟ ಹಚ್ಯಾರ." ನಡುವೆ ಮೈಕು ಯಾಕೆ ನಿಂತಿತೆಂದು ಕೇಳಿದೆ. ಬಿಸಿ ಚಹಾ ಬಂದಿತ್ತು, ಕುಡಿಯುತ್ತಿದ್ದೆ ಎಂದ. ಆ ಸಂಜೆ ಅಪ್ಪನನ್ನು ಕರೆದುಕೊಂಡು ಮತ್ತೆ ಹೋದೆ. ಸೈನಿಕರು ಗಣಿಯಿಂದ ಬಂದರು, ಹೋದರು. ಯಾರೂ ನಿಲ್ಲಲಿಲ್ಲ. ನಾನು ಕೊನೆಯವರೆಗೂ ಆ ಮುಖವನ್ನೇ ಹುಡುಕುತ್ತಿದ್ದೆ. ಅಪ್ಪ ಮಾತ್ರ ಶೇಂಗಾ ತಿನ್ನುತ್ತ ಚಿತ್ರ ನೋಡಿದರು, ಎಲ್ಲರ ಜೊತೆ ನಕ್ಕರು. "ದಿನಾ ಬರಾಕ ಅವಗೇನು ಟಾಕೀಸಿನ ಪಗಾರ ಐತೇನು?" ಎಂದರು.

ಅಲ್ಲಿಂದ ಮುಂದೆ ಅಪ್ಪ ಬದಲಾದರು. ಯುದ್ಧದ ಮಾತನ್ನು ಅಣ್ಣನಿಗೆ, ಮೊಮ್ಮಕ್ಕಳಿಗೆ, ಬಸ್ಸಿನಲ್ಲಿ ಬಾಜು ಕೂತವರಿಗೂ ಹೇಳತೊಡಗಿದರು. ಹಿಮ, ಮುಳ್ಳುತಂತಿ, ಯಾವುದೋ ಊರಿನ ಚರ್ಚಿನ ಗಂಟೆ. ಅವರು ಇನ್ನೂ ಹಲವು ವರ್ಷ ಬದುಕಿದ್ದರು. ನಮ್ಮ ಅಪ್ಪ ಯಾರೆಂದು ನಮಗೆ ತಿಳಿದದ್ದೇ ಆ ವರ್ಷಗಳಲ್ಲಿ.

ನಾನು ವಿಜ್ಞಾನದವಳು, ಸುಮ್ಮನೆ ಬಿಡಲಿಲ್ಲ. ಹರಿದ ರೀಲಿಗೆ ಬೇರೆ ಚಿತ್ರದ ತುಣುಕು ಅಂಟಿಸಿದ್ದರೇ? ಹಾಗಿದ್ದರೆ ಮರುದಿನವೂ ಕಾಣಬೇಕಿತ್ತು. ಅಪ್ಪನ ನೆನಪು ನನ್ನ ಕಣ್ಣಿಗೆ ಹಾಗೆ ತೋರಿಸಿತೇ? ಆದರೆ ಅವನು ಕೈಯಲ್ಲಿ ಏನನ್ನೋ ಮುರಿದದ್ದನ್ನು ನಾನು ನೋಡಿದಾಗ ರೊಟ್ಟಿಯ ಕತೆ ನನಗೆ ಗೊತ್ತೇ ಇರಲಿಲ್ಲ. ಅದೇ ಚಿತ್ರವನ್ನು ವರ್ಷಗಳ ನಂತರ ಹುಬ್ಬಳ್ಳಿಯಲ್ಲಿ ಕ್ಯಾಸೆಟ್ಟಿನಲ್ಲಿ ನೋಡಿದೆ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಆ ಮನುಷ್ಯ ಅದರಲ್ಲಿಲ್ಲ.

ಅವನ ಹೆಸರು ಅಪ್ಪನಿಗೂ ಗೊತ್ತಿರಲಿಲ್ಲ. ಯುದ್ಧದಲ್ಲೇ ಸತ್ತಿದ್ದನೋ, ನಾವು ಆ ಟೆಂಟಿನಲ್ಲಿ ಕುಳಿತ ಹೊತ್ತಿಗೆ ತನ್ನ ಊರಿನಲ್ಲಿ ಇನ್ನೂ ಬದುಕಿದ್ದನೋ, ಹೇಳುವವರಿಲ್ಲ. ಸತ್ತಿದ್ದರೆ, ಬಂದವನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಬದುಕಿದ್ದರಂತೂ ಇನ್ನಷ್ಟು ತಿಳಿಯದು.