ಗುಡ್ಡ ಏರಿ ಬಂದವನು ತಿಂದ ರೊಟ್ಟಿ

ಗೆಳೆಯರೇ, ಇವತ್ತು ಏರಿಬಿಟ್ಟೆ. ಕೊಪ್ಪಳದಿಂದ ಯಲಬುರ್ಗಾ ಕಡೆಗೆ ಹೋಗುವಾಗ ಸರ್ವಿಸ್ ಮೋಟಾರು ಕೂಡ ನಡುವೆ ನಿಂತು ನೀರು ಹಾಕಿಸಿಕೊಳ್ಳುವ ಆ ಗುಡ್ಡವನ್ನು, ಈ ಸುಡುಬಿಸಿಲಿನಲ್ಲಿ, ಬಾಡಿಗೆ ಸೈಕಲ್ ಮೇಲೆ, ಒಮ್ಮೆಯೂ ಕಾಲೂರದೆ ಏರಿದೆ. ಅದೇ ಹುರುಪಿನಲ್ಲಿ ಗುಡ್ಡದಾಚೆಯ ಅಕ್ಕನ ಊರಿಗೆ ನುಗ್ಗಿದೆ. ಮೊದಲು ಅವಳಿಗೇ ಹೇಳಬೇಕಿತ್ತು.

ನಡುಮಧ್ಯಾಹ್ನ ತವರಿನಿಂದ ಯಾರಾದರೂ ಏದುಸಿರು ಬಿಡುತ್ತ ಬಂದರೆ ಸಾವಿನ ಸುದ್ದಿಯನ್ನೇ ತಂದಿರುತ್ತಾರೆ ಎಂಬುದು ನನಗೆ ನೆನಪಾಗಲಿಲ್ಲ. ನನ್ನನ್ನು ಕಂಡದ್ದೇ ಅಕ್ಕ ಎದೆ ಬಡಿದುಕೊಂಡಳು. "ಯಪ್ಪಾ, ಹೋಗಿಬಿಟ್ಯಾ?" ಓಣಿಯೆಲ್ಲ ನೆರೆಯಿತು.

"ಅಕ್ಕಾ, ಅಪ್ಪ ಆರಾಮ ಅದಾನ," ಎಂದೆ.

ಅವಳ ಅತ್ತೆ ತಲೆಯಾಡಿಸಿದರು. "ಮೊದ್ಲ ಹಂಗ ಹೇಳ್ತಾರವ್ವ. ಒಮ್ಮೆಲೆ ಹೇಳಂಗಿಲ್ಲ."

ಅಳು ಜೋರಾಯಿತು. ಗುಡ್ಡ ಏರಲೆಂದೇ ಬಂದೆ ಎಂದರೆ, "ಇಂಥಾ ಬಿಸಿಲಾಗ ಸುಮ್ಮಸುಮ್ಮನ ಗುಡ್ಡ ಯಾರು ಏರ್ತಾರಪಾ?" ಎನ್ನುತ್ತ ಭಾವ ಚಕ್ಕಡಿ ಹೂಡತೊಡಗಿದರು.

ಕಡೆಗೆ ಅತ್ತೆಗೇ ಒಂದು ಹೊಳೆಯಿತು. ಸಾವಿನ ಸುದ್ದಿ ತಂದವನು ಆ ಮನೆಯಲ್ಲಿ ಉಣ್ಣುವುದಿಲ್ಲ. ಅವರು ರೊಟ್ಟಿ, ಪುಂಡಿಪಲ್ಯ ತಂದಿಟ್ಟು, "ಉಣ್ಣು, ನೋಡೂಣು," ಎಂದರು.

ಓಣಿಯವರೆಲ್ಲ ನನ್ನ ಬಾಯನ್ನೇ ನೋಡುತ್ತ ನಿಂತರು. ಮೊದಲ ರೊಟ್ಟಿಗೆ ಅಕ್ಕನ ಅಳು ತಗ್ಗಿತು. ನಾಲ್ಕನೆಯದನ್ನು ಮುರಿದಾಗ ಭಾವ ಎತ್ತು ಬಿಚ್ಚಿದರು.

ಅಪ್ಪ ಬದುಕಿದ್ದಾನೆಂದು ಊರು ಹೀಗೆ ನಂಬಿತು. ನಾನು ಕಾಲೂರದೆ ಗುಡ್ಡ ಏರಿದ್ದನ್ನು ಮಾತ್ರ ಇನ್ನೂ ಒಬ್ಬರೂ ನಂಬಿಲ್ಲ. ಅದಕ್ಕೆ ಇನ್ನೆಷ್ಟು ರೊಟ್ಟಿ ತಿನ್ನಬೇಕೋ.