ನಡುಗಡ್ಡೆಯಲ್ಲಿ ಒಂದು ಎಡೆ

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಗಂಡನ ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವ್ವ ಬೆಟ್ಟದಪುರದ ನಮ್ಮ ಮನೆಗೆ ಬಂದು, "ನನ್ನ ಒಂದ್ಸಲ ಆ ದಿಣ್ಣೆಗೆ ಕರ್ಕಂಡೋಗು" ಎಂದಾಗ ಅದು ಮೂಗು ದಾಟಿ ಬಾಯಿಗೇ ಬಂತು. ಜಗಲಿ ತುಂಬ ಹೊಗೆಸೊಪ್ಪು ಹರಡಿಕೊಂಡು, ಬಣ್ಣ ಬಂದದ್ದು ಒಂದು ಕಡೆ, ಕಪ್ಪಾದದ್ದು ಇನ್ನೊಂದು ಕಡೆ ಬೇರೆ ಮಾಡುತ್ತಾ ಕೂತಿದ್ದೆ. ಪಿರಿಯಾಪಟ್ಟಣದ ಹರಾಜಿಗೆ ಸೊಪ್ಪು ಇನ್ನೂ ಹೋಗಿರಲಿಲ್ಲ.

"ಈ ಚಳೀಲಿ ಅಲ್ಲಿ ಏನವ್ವ ಮಡಗಿದ್ದೀಯ? ಸುತ್ತ ನೀರು, ಮ್ಯಾಲೆ ಮಂಜು. ಬ್ಯಾಸ್ಗೆಲಿ ಓಗಾನ ಬುಡು" ಎಂದೆ.

"ಬ್ಯಾಸ್ಗೆ ಗಂಟ ನನ್ನ ಕಣ್ಣಿರ್ತವಾ ಮಗ?" ಎಂದಳು ಅವ್ವ.

ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಅವಳ ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ ಮಾಡಿ ಫಲವಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಎದುರಿಗಿದ್ದವರ ಮುಖ ಇನ್ನೂ ಕಾಣುತ್ತಿತ್ತು. ಅಕ್ಕಪಕ್ಕದ್ದೆಲ್ಲ ಆಗಲೇ ಮಸುಕಾಗಿತ್ತು. ಅಂಥವಳ ಹತ್ತಿರ ಬೇಸಿಗೆಯ ಮಾತಾಡಿದ ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದುಕೊಂಡು ಸೊಪ್ಪಿನ ಮೇಲೆ ಗೋಣಿಚೀಲ ಹೊದೆಸಿ ಎದ್ದೆ.

ದಿಣ್ಣೆ ಎಂದರೆ ಹೆಗ್ಗಡದೇವನಕೋಟೆ ಕಡೆ ಅವ್ವ ಮದುವೆಯಾಗಿ ಹೋದ ಊರಿನ ದಿಣ್ಣೆ. ಅಣೆಕಟ್ಟು ಬಂದು ಊರು ಮುಳುಗಿತು. ಮನೆ, ಬಾವಿ, ಮಾರಮ್ಮನ ಗುಡಿ ಎಲ್ಲ ನೀರೊಳಗೆ ಹೋಗಿ, ಊರ ಹಿಂದಿನ ದಿಣ್ಣೆ ಮಾತ್ರ ತಲೆಯೆತ್ತಿಕೊಂಡು ನಡುಗಡ್ಡೆಯಾಯಿತು. ಆ ದಿಣ್ಣೆಯ ಹೊಂಗೆಮರದ ಬುಡದಲ್ಲಿ ನನ್ನ ಅಣ್ಣನನ್ನು ಮಣ್ಣು ಮಾಡಿದ್ದರು. ಮೂರು ವರ್ಷದ ಮಗು, ಜ್ವರ ಬಂದು ಹೋಯಿತಂತೆ. ನಾನು ಹುಟ್ಟಿದ್ದು ಆಮೇಲೆ, ಊರು ಬಿಟ್ಟವರಿಗೆ ಕೊಟ್ಟ ಹೊಸ ಕಾಲೊನಿಯಲ್ಲಿ. ಅಣ್ಣನ ಒಂದು ಫೋಟೊ ಕೂಡ ಮನೆಯಲ್ಲಿ ಇರಲಿಲ್ಲ.

ಈಚೆಗೆ ಯಾರೋ ದುಡ್ಡಿನವರು ಆ ದಿಣ್ಣೆಯ ಮೇಲೆ ಕಾಟೇಜು ಕಟ್ಟಿಸಿ ರಜಾ ಕಳೆಯುವ ಜಾಗ ಮಾಡಿದ್ದರು. ಅದಕ್ಕೆ ಬೇಸಿಗೆಯೇ ಸೀಸನ್ನು. ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿದಾಗ ಆನೆ ಇಳಿಯುತ್ತವೆ; ಆನೆ ನೋಡಲು ಕಾರಿನವರು ಬರುತ್ತಾರೆ. ಆಗ ನಮ್ಮಂಥವರನ್ನು ದೋಣಿಯ ಹತ್ತಿರಕ್ಕೂ ಬಿಡುವುದಿಲ್ಲ. ಚಳಿಗಾಲದಲ್ಲಿ ನೀರು ತುಂಬಿಕೊಂಡು ಪ್ರಾಣಿಗಳು ಕಾಡೊಳಗೇ ಇರುವುದರಿಂದ ಆ ಜಾಗಕ್ಕೆ ಕಾಗೆಯೂ ಬರುವುದಿಲ್ಲ.

ಅವ್ವ ನನ್ನ ಒಲೆಯ ಮುಂದೆ ತಾನೇ ಕೂತು ಶಾವಿಗೆ ಒತ್ತಿ, ಕಾಯಿಹಾಲು ಮಾಡಿ, ಹಿಡಿಯಿರುವ ತೂಕುಪಾತ್ರೆಗೆ ತುಂಬಿದಳು. ಅಣ್ಣನಿಗೆ ಶಾವಿಗೆ ಎಂದರೆ ಪ್ರಾಣವಂತೆ. ನನಗೆ ಆಗ ಅರ್ಥವಾಯಿತು, ಇವಳು ಸುಮ್ಮನೆ ನೋಡಿಬರಲು ಹೊರಟವಳಲ್ಲ.

ನಮ್ಮಲ್ಲಿ ಹಿರಿಯರ ಹಬ್ಬದ ದಿನ ಹೋದವರಿಗೆ ಅವರ ಇಷ್ಟದ ಅಡುಗೆಯನ್ನೂ ಹೊಸ ಬಟ್ಟೆಯನ್ನೂ ಎಡೆ ಇಡುತ್ತೇವೆ. ಆಮೇಲೆ ಆ ಅಡುಗೆಯನ್ನು ಮನೆಯವರೇ ಉಣ್ಣಬೇಕು, ಆ ಬಟ್ಟೆಯನ್ನು ಮನೆಯವರೇ ಉಡಬೇಕು. ಆದರೆ ಮಕ್ಕಳಾಗಿ ಸತ್ತವರಿಗೆ ಎಡೆಯಿಲ್ಲ. ದೊಡ್ಡವರು ಚಿಕ್ಕವರಿಗೆ ಎಡೆ ಇಡುವಂತಿಲ್ಲ ಎಂಬುದು ನಮ್ಮ ಮನೆತನದ ಕಟ್ಟು. ಪ್ರತಿ ಹಬ್ಬದಲ್ಲೂ ಅವ್ವ ಎಲ್ಲರ ಎಲೆಗೂ ಬಡಿಸಿ, ಕೊನೆಗೆ ಸೌಟು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತಿರುತ್ತಿದ್ದಳು. ಅದೇಕೆಂದು ನಾನು ಕೇಳಿದವಳೇ ಅಲ್ಲ.

ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಾಯಿಸುವಾಗ ಅವ್ವ ಬಟ್ಟೆ ಅಂಗಡಿಗೆ ನುಗ್ಗಿದಳು. ಮೊದಲು ಚಿಕ್ಕ ಮಕ್ಕಳ ಅಂಗಿಗಳನ್ನು ಕೈಯಲ್ಲಿ ಸವರಿದಳು. ಒಂದನ್ನು ಎತ್ತಿದಳು, ಇಟ್ಟಳು. ಆಮೇಲೆ ಏನು ತೋಚಿತೋ, "ದೊಡ್ಡೋರ್ದು ಕೊಡಪ್ಪ, ತುಂಬು ತೋಳಿಂದು" ಎಂದಳು. ನೀಲಿ ಗೀಟಿನ ದೊಡ್ಡ ಅಂಗಿ. ಅಳಿಯನಿಗಿರಬೇಕು ಎಂದುಕೊಂಡು, "ಅವ್ರಿಗೆ ಇದು ದೊಗಳೆ ಆಯ್ತದೆ ಕಣವ್ವ" ಎಂದೆ. ಅವಳು ದುಡ್ಡು ಕೊಟ್ಟು ಅದನ್ನೇ ಚೀಲಕ್ಕೆ ಹಾಕಿಕೊಂಡಳು.

ದಡದಲ್ಲಿ ಕಾಟೇಜಿನ ಕಾವಲುಗಾರ ಮಫ್ಲರ್ ಸುತ್ತಿಕೊಂಡು ಬೆಂಕಿ ಕಾಯಿಸುತ್ತಿದ್ದ. "ಈಗೇನಿದ್ದದು ಅಂತ ಬಂದ್ರವ್ವ? ಒಂದಾನೇನೂ ಇಲ್ಲ" ಎಂದ. ಅವ್ವ ವಿಷಯ ಹೇಳಿದಳು. ಅವನು ಬೇರೇನೂ ಕೇಳದೆ ಬೀಡಿ ಎಸೆದು ದೋಣಿ ಬಿಚ್ಚಿದ. ನೀರಿನ ಮೇಲೆ ಹೋಗುತ್ತಾ ಅವ್ವ ಬಗ್ಗಿ ಬಗ್ಗಿ ಕೆಳಗೆ ನೋಡುತ್ತಿದ್ದಳು. ತನ್ನ ಮನೆಯ ಹೆಂಚು ಕಾಣುತ್ತದೆ ಎಂದುಕೊಂಡಿದ್ದಳೇನೋ.

ನಡುಗಡ್ಡೆಯಲ್ಲಿ ಎಲ್ಲವೂ ಮುಚ್ಚಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟಿದ್ದರು. ಕಾಟೇಜಿನ ಬೀಗಗಳಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಸುತ್ತಿತ್ತು. ಜಾರುಬಂಡೆಯ ತುಂಬ ಒಣಗಿದೆಲೆ. ಹೊಂಗೆಮರ ಮಾತ್ರ ಇರಲಿಲ್ಲ. ಕಟ್ಟುವಾಗ ಮರಗಳನ್ನೆಲ್ಲ ತೆಗೆದು, ನೆಲ ಮಟ್ಟ ಮಾಡಿ, ಹುಲ್ಲು ಬೆಳೆಸಿದರೆಂದು ಕಾವಲುಗಾರ ಹೇಳಿದ.

ಅವ್ವ ಧೈರ್ಯಗೆಡಲಿಲ್ಲ. "ಮರ ಓದ್ರೆ ಓಯ್ತು. ಮಾರಮ್ಮನ ಗುಡಿಗೆ ಬೆನ್ ಮಾಡಿ, ನಮ್ಮನೆ ಸೂರು ಎಡಗಡೀಕೆ ಬರಂಗೆ ನಿಂತ್ರೆ, ಅಲ್ಲೇ" ಎಂದಳು. ಹೇಳಿ, ಬೆನ್ನು ಮಾಡಿ ನಿಂತಳು. ಎಡಕ್ಕೆ ತಿರುಗಿ ನೋಡಿದಳು. ನೀರು. ಬಲಕ್ಕೆ ತಿರುಗಿದಳು. ನೀರು. ಇನ್ನೊಂದು ಕಡೆಗೆ ಹೋಗಿ ನಿಂತಳು, ಅಲ್ಲೂ ಅಷ್ಟೇ. ಅವಳ ಗುರುತುಗಳೆಲ್ಲ ಊರಿನಲ್ಲಿದ್ದವು, ಊರು ನೀರಿನಲ್ಲಿತ್ತು. ತೂಕುಪಾತ್ರೆ ಹಿಡಿದುಕೊಂಡು ಆ ಹುಲ್ಲಿನ ಮೇಲೆ ಅವಳು ಸುತ್ತಿ ಸುತ್ತಿ ಬರುವುದನ್ನು ನೋಡಲಾರದೆ ನಾನು ಗದರಿಬಿಟ್ಟೆ.

"ಸಾಕು ಬಾರವ್ವ! ಸಿಗಾಕಿಲ್ಲ ಅಂದ್ರೆ ಸಿಗಾಕಿಲ್ಲ!"

ಅವ್ವ ನಿಂತಲ್ಲೇ ಕೂತಳು. "ನಮ್ಗೆ ಅವ್ನು ಸಿಗ್ದಿದ್ರೆ ಬುಡು. ಅವ್ನಿಗೆ ನಾವು ಸಿಗ್ತೀವಲ್ಲ. ಕರುದ್ರೆ ಬತ್ತಾನೆ. ಎಲೆ ಆಸು" ಎಂದಳು.

ನಾನು ಬಾಳೆಲೆ ಹಾಸಿದೆ. ಪಾತ್ರೆಯನ್ನು ಅವಳ ಕಡೆಗೆ ಸರಿಸಿದರೆ ಅವಳು ನನ್ನ ಕಡೆಗೇ ತಳ್ಳಿದಳು.

"ನಾನ್ ಇಡಂಗಿಲ್ಲ. ನಂಗವನು ಚಿಕ್ಕೋನು. ನಿಂಗೆ ದೊಡ್ಡೋನು ಕಣವ್ವ, ನಿನ್ನ ಅಣ್ಣ. ನೀ ಇಟ್ರೆ ತಪ್ಪಿಲ್ಲ. ಅದ್ಕೇ ನಿನ್ನ ಕರ್ಕ ಬಂದಿದ್ದು."

ಇಷ್ಟು ವರ್ಷ ಯೋಚಿಸಿ ಯೋಚಿಸಿ ಅವಳು ಹುಡುಕಿಕೊಂಡ ದಾರಿ ಅದು. ಹೆಣ್ಣುಮಕ್ಕಳು ಎಡೆ ಇಡಬಹುದೇ ಎಂದು ಕೇಳಲು ಬಾಯಿ ಬರಲಿಲ್ಲ. ಶಾವಿಗೆ ಬಡಿಸಿ ಕಾಯಿಹಾಲು ಹೊಯ್ದೆ. ಅವ್ವ ಚೀಲದಿಂದ ಆ ನೀಲಿ ಗೀಟಿನ ಅಂಗಿ ತೆಗೆದು ಕೊಟ್ಟಳು.

"ಅವ್ನಿಗಾ? ಮೂರು ವರ್ಸದ ಮಗೀಗೆ ಇದಾ?" ಎಂದೆ.

"ಅಂಗೇ ಮೂರು ವರ್ಸದೋನೇ ಆಗಿರ್ತಾನಾ?" ಎಂದು ನನ್ನನ್ನೇ ಕೇಳಿದಳು. "ಇದ್ದಿದ್ರೆ ಮೀಸೆ ಬಂದು, ಮದ್ವೆಯಾಗಿ, ಮಕ್ಳಾಗಿರ್ತಿದ್ವು. ಚಿಕ್ಕದ್ನ ತಂದಿದ್ರೆ ಅವ್ವ ನನ್ನ ಬೆಳೆಸ್ಲೇ ಇಲ್ಲ ಅಂದ್ಕತಿದ್ದ."

ನಾನು ಅಂಗಿಯನ್ನು ಎಲೆಯ ಪಕ್ಕದಲ್ಲಿಟ್ಟು ಅಡ್ಡಬಿದ್ದೆ. "ಕರಿ" ಎಂದಳು ಅವ್ವ. ಹುಟ್ಟಿದಾಗಿನಿಂದ ನಾನು ಯಾರನ್ನೂ ಬಾಯಿತುಂಬ ಅಣ್ಣ ಎಂದು ಕರೆದವಳಲ್ಲ. "ಅಣ್ಣಾ, ಬಾ, ಉಣ್ಣು" ಎಂದೆ. ಎಂದವಳೇ ಹುಲ್ಲಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತೆ. ಕಾವಲುಗಾರ ದೂರದಲ್ಲಿ ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಶಾವಿಗೆಯನ್ನು ಕಾವಲುಗಾರನೂ ಸೇರಿ ಮೂವರೂ ಉಂಡೆವು. ವಾಪಸು ಬರುವಾಗ ನೀರಿನ ಮೇಲಿನ ಗಾಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. "ಎಡೆ ಬಟ್ಟೆ ಸುಮ್ನೆ ಮಡಗ್ಬಾರ್ದು" ಎಂದು ಅವ್ವ ಆ ಅಂಗಿಯನ್ನು ನನ್ನ ಸೀರೆಯ ಮೇಲೆಯೇ ತೊಡಿಸಿದಳು. ತೋಳು ನನ್ನ ಬೆರಳು ಮುಚ್ಚಿತು, ಭುಜದ ಹೊಲಿಗೆ ರಟ್ಟೆಗೆ ಜಾರಿತು. ಅವ್ವ ಆ ಹೊಲಿಗೆಯ ಗುಂಟ ಈ ಕಡೆಯಿಂದ ಆ ಕಡೆಗೆ ಕೈಯಾಡಿಸಿ, "ಇಷ್ಟಗ್ಲ ಇರೋನು" ಎಂದಳು.

ಬೇಸಿಗೆ ಹೊತ್ತಿಗೆ ಅವ್ವನ ಕಣ್ಣು ಪೂರ್ತಿ ಹೋದವು. ಆಮೇಲೆ ಅವಳು ನಮ್ಮ ಮನೆಯಲ್ಲೇ ಉಳಿದಳು. ಕೆಲವು ದಿನ ಸಂಜೆ ಅವಳೇ ಆ ಅಂಗಿ ಕೇಳುತ್ತಿದ್ದಳು. ನಾನು ತೊಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಭುಜದ ಹೊಲಿಗೆ ಹುಡುಕಿ, ಸವರಿ, "ಉಂಡ್ಯೇನ್ಲಾ, ಮಗ?" ಎನ್ನುತ್ತಿದ್ದಳು. ಕೇಳುತ್ತಿದ್ದುದು ನನ್ನನ್ನಲ್ಲ ಎಂದು ನನಗೆ ಗೊತ್ತಿತ್ತು.

"ಉಂಡೆ ಕಣವ್ವ" ಎನ್ನುತ್ತಿದ್ದೆ.